ಸಹಾಯಧನದ ಪಟ್ಟಿ ಊರ ಕಣ್ಣೆದುರಿರಲಿ

ಶ್ರೋತೃಗಳಿಗೆ ನಮಸ್ಕಾರ.

ತೀರ್ಥಹಳ್ಳಿ ಸೀಮೆಯ ನಮ್ಮ ತೋಟದ ಕೆಳಗೊಂದು ಹಳ್ಳ ಹರಿಯುತ್ತದೆ. ಹಳ್ಳದ ಈಚೆ ನಮ್ಮ ಗ್ರಾಮ ಪಂಚಾಯಿತಿ, ಆಚೆ ಇನ್ನೊಂದು. ಎರಡೂ ದಂಡೆಯ ಅಡಿಕೆ ಮರಗಳ ಮೇಲೆ ಸುರಿಯುವುದು ಒಂದೇ ಮಳೆ, ಗೊನೆಗೆ ತಗಲುವುದು ಒಂದೇ ಕೊಳೆರೋಗ. ಆದರೂ ಒಂದು ವರ್ಷ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಆಚೆ ದಂಡೆಯವರಿಗೆ ನಮಗಿಂತ ಹೆಚ್ಚು ಬಂತು. ನೆರೆಮನೆಯ ಹಿರಿಯರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟಿದ್ದ ಪಾಸ್‌ಬುಕ್ಕನ್ನು ನಮ್ಮ ಜಗುಲಿಯ ಮೇಲೆ ಬಿಚ್ಚಿ, ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಬೆರೆತ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ಎಂತಕ್ಕೆ ಬಂದ ದುಡ್ಡು ಮಾರಾಯ, ವಿಮೆಯದ್ದಾ, ಕಿಸಾನ್ ಸಮ್ಮಾನದ್ದಾ?" ಎಂದು ಕೇಳಿದರು. ಓದುಬರಹ ಬಲ್ಲ ನನಗೂ ಆ ಸಾಲು ಅರ್ಥವಾಗಲಿಲ್ಲ.

ಈ ವಿಮೆಯಲ್ಲಿ ತೋಟಕ್ಕೆ ಬಂದು ಉದುರಿದ ಕಾಯಿಯನ್ನು ಎಣಿಸುವವರಿಲ್ಲ; ಆಯಾ ಪಂಚಾಯಿತಿಗೆ ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ದಾಖಲಾದ ಅಂಕಿಯೇ ಪರಿಹಾರವನ್ನು ನಿರ್ಧರಿಸುತ್ತದೆ. ಅಡಿಕೆಯಂಥ ತೋಟಗಾರಿಕೆ ಬೆಳೆಗೆ ರೈತರು ಕಟ್ಟುವುದು ವಿಮಾ ಮೊತ್ತದ ಹೆಚ್ಚೆಂದರೆ ಶೇಕಡ 5ರಷ್ಟು. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತುಂಬುತ್ತವೆ. ಅದು ಸಾರ್ವಜನಿಕರ ಹಣ. ಆದ್ದರಿಂದ ಯಾವ ದಿನ ಎಷ್ಟು ಮಿಲಿಮೀಟರ್ ಮಳೆ ದಾಖಲಾಯಿತು, ಮಳೆಮಾಪಕ ಕೆಟ್ಟು ನಿಂತಿದ್ದರೆ ಆ ದಿನಗಳಿಗೆ ಯಾವ ಕೇಂದ್ರದ ಅಂಕಿಯನ್ನು ಹಿಡಿಯಲಾಯಿತು, ಅದರಿಂದ ಎಕರೆಗೆ ಎಷ್ಟು ಪರಿಹಾರ ನಿಗದಿಯಾಯಿತು ಎಂಬ ವಿವರ ಕನ್ನಡದಲ್ಲಿ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ಕಂತು ಕಟ್ಟಿದ ಪ್ರತಿಯೊಬ್ಬ ಬೆಳೆಗಾರನ ಕಣ್ಣಿಗೆ ಬೀಳಬೇಕು.

ಹಾಗೆ ಪ್ರಕಟಿಸುವುದು ಯಾರೋ ಮಾಡುವ ಉಪಕಾರವಲ್ಲ. ಸಹಾಯಧನದ ಯೋಜನೆ ಹೇಗೆ ಜಾರಿಯಾಗುತ್ತಿದೆ, ಅದಕ್ಕೆ ಎಷ್ಟು ಹಣ ನಿಗದಿಯಾಗಿದೆ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಆಧಾರ್ ಸಂಖ್ಯೆಯನ್ನಾಗಲಿ, ಬ್ಯಾಂಕ್ ಖಾತೆಯ ಸಂಖ್ಯೆಯನ್ನಾಗಲಿ ಗೋಡೆಗೆ ಅಂಟಿಸಬೇಕೆಂದು ನಾನು ಹೇಳುತ್ತಿಲ್ಲ, ಅದು ತಪ್ಪು. ಹೆಸರು, ಊರು, ಯೋಜನೆ, ಮೊತ್ತ ಇಷ್ಟಿದ್ದರೆ ಸಾಕು. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಸಹಾಯಧನದ ಕೃಷಿಹೊಂಡ ಯಾರ ಜಮೀನಿನಲ್ಲಿದೆ, ಯಾರ ಕಡತದಲ್ಲಿ ಮಾತ್ರ ಇದೆ ಎಂಬುದು ಪಟ್ಟಿ ಓದಿದ ಊರವರಿಗೆ ಕೂಡಲೇ ಗೊತ್ತಾಗುತ್ತದೆ.

ಹಣ ಪಡೆದವರ ಪಟ್ಟಿಗಿಂತ ನನಗೆ ಮುಖ್ಯವಾಗಿ ಕಾಣುವುದು ಹಣ ಸಿಗದವರ ಪಟ್ಟಿ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ಜಮೀನು ತಮ್ಮ ಹೆಸರಿನಲ್ಲಿರುವ ರೈತರಿಗೆ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. ಆದರೆ ನಮ್ಮ ಮಲೆನಾಡಿನಲ್ಲಿ ಅಜ್ಜನ ಹೆಸರಿನಲ್ಲೇ ಉಳಿದಿರುವ ಪಹಣಿಗಳು ಬಹಳ, ಜಂಟಿ ಖಾತೆಗಳೂ ಬಹಳ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಯಾಗದೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬಾರದೆ, ಅರ್ಧ ಎಕರೆ ಗದ್ದೆಯನ್ನು ತಾನೇ ನಟ್ಟಿ ಮಾಡಿ ಕೊಯ್ಯುವ ಹೆಂಗಸಿಗೆ ತನ್ನ ಅರ್ಜಿ ಯಾವ ಮೇಜಿನ ಮೇಲೆ, ಯಾವ ಕಾರಣಕ್ಕೆ ನಿಂತಿದೆ ಎಂದು ಹೇಳುವವರು ಬೇಕು. ತಿರಸ್ಕಾರದ ಕಾರಣ ಮತ್ತು ಅದನ್ನು ಸರಿಪಡಿಸುವ ದಾರಿ ಎರಡೂ ಅದೇ ಪಟ್ಟಿಯಲ್ಲಿರಬೇಕು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಓದಲು ಬಾರದವರಿಗೆ ಗೋಡೆಯ ಕಾಗದದಿಂದ ಏನೂ ಸಿಗುವುದಿಲ್ಲ.

ಅದೇ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ ಪಡೆಯುವ ಮಾರ್ಗವೂ ಇದೆ. 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ನಮ್ಮ ಪಂಚಾಯಿತಿಯ ಮಳೆಯ ಅಂಕಿಗಳನ್ನು ಕೋರಿ ನಾನೂ ಅರ್ಜಿ ಹಾಕಿದ್ದೇನೆ. ಮುಂದಿನ ಗ್ರಾಮಸಭೆಗೆ ನೆರೆಮನೆಯ ಹಿರಿಯರು ಅದೇ ಪಾಸ್‌ಬುಕ್ಕನ್ನು ಹಿಡಿದು ಬರುತ್ತೇನೆಂದಿದ್ದಾರೆ. ಅರ್ಜಿಯ ಪ್ರತಿಯನ್ನು ನಾನು ಒಯ್ಯುತ್ತೇನೆ.

ನಮಸ್ಕಾರ.