ಕಳ್ಳ ಹೊರಟುಹೋದ, ಬೀಗ ಬಿದ್ದದ್ದು ನನಗೆ

ನಮಸ್ಕಾರ. ಮೈಸೂರಿನ ಅಗ್ರಹಾರದ ಅದೇ ಕೋಣೆ, ಕಿರುಗುಟ್ಟುವ ಅದೇ ಫ್ಯಾನು, ಅದೇ ನಾನು. ಈ ವಾರ ಬೆಂಕಿಪೆಟ್ಟಿಗೆ ಲೇಬಲ್‌ಗಳ ಎರಡನೇ ಭಾಗ ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಮಾಡುವುದಿಲ್ಲ. ಕಳ್ಳನೊಬ್ಬ ನನ್ನ ಹರಾಜು ಖಾತೆಗೆ ನುಗ್ಗಿದ್ದನ್ನು ಕಳೆದ ಸಂಚಿಕೆಯಲ್ಲಿ ಹೇಳಿಕೊಂಡಿದ್ದೆ. ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದ ಒಂದೇ ಒಂದು ಸಾಲು ನನ್ನ ಮೂರು ರಾತ್ರಿಯ ನಿದ್ದೆ ತಿಂದುಹಾಕಿದೆ. "ಸರ್, ಪಾಸ್‌ವರ್ಡ್ ಜೋಪಾನವಾಗಿ ಇಟ್ಟುಕೊಂಡಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ." ಪಕ್ಕದಲ್ಲಿ ಕೈಮುಗಿದ ಚಿತ್ರ. ಸಾಲು ಓದಿದಾಗ ಬಂದ ಸಿಟ್ಟಿಗಿಂತ ಆ ಕೈಮುಗಿತ ನೋಡಿದಾಗ ಬಂದ ಸಿಟ್ಟು ದೊಡ್ಡದು.

ಹೊಸಬರಿಗಾಗಿ ಕಥೆ ಹೇಳಿಬಿಡುತ್ತೇನೆ. ಒಂದು ವಿದೇಶಿ ಹರಾಜು ತಾಣದಲ್ಲಿ ಹನ್ನೊಂದು ವರ್ಷದಿಂದ ಹಳೆಯ ಬೆಂಕಿಪೆಟ್ಟಿಗೆ ಲೇಬಲ್, ಅಂಚೆ ಲಕೋಟೆ, ಸ್ವಾತಂತ್ರ್ಯದ ನಂತರದ ನಾಣ್ಯಗಳನ್ನು ಮಾರುತ್ತಿದ್ದೇನೆ. ತಾಣದ ಹೆಸರು ಹೇಳುವುದಿಲ್ಲ, ನನ್ನ ಮನವಿ ಇನ್ನೂ ಅವರ ಹೊಟ್ಟೆಯೊಳಗಿದೆ. ಅಂದ ಹಾಗೆ, ಅಜ್ಜನ ಪೆಟ್ಟಿಗೆಯಲ್ಲಿ ಟಿಪ್ಪು ಕಾಲದ ಕಾಸು ಸಿಕ್ಕಿದೆ, ಹೊರದೇಶಕ್ಕೆ ಮಾರಿಕೊಡಿ ಎಂದು ಯಾರೂ ಫೋನ್ ಮಾಡಬೇಡಿ. ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. 1972ರ ಕಾಯ್ದೆಯ ಪ್ರಕಾರ ನಾನಾಗಲೀ ನೀವಾಗಲೀ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುವವರೂ ಇಲ್ಲ. ಹಳೆಯ ನೋಟು, ನಾಣ್ಯದ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು. ವಿಷಯಕ್ಕೆ ಬರುತ್ತೇನೆ.

ಒಂದು ರಾತ್ರಿ ಗಿರಾಕಿಯ ಪ್ರಶ್ನೆಯಂತೆ ಒಂದು ಮೇಲ್ ಬಂತು. "ಈ ಲೇಬಲ್ಲಿನ ಹಿಂಬದಿಯ ಚಿತ್ರ ಕಳುಹಿಸುವಿರಾ?" ಅಂಥವು ದಿನಕ್ಕೆ ನಾಲ್ಕು ಬರುತ್ತವೆ. ಉತ್ತರಿಸಲು ಒತ್ತಿದೆ, ಲಾಗಿನ್ ಪುಟ ತೆರೆದುಕೊಂಡಿತು. ಅದೇ ಬಣ್ಣ, ಅದೇ ಅಕ್ಷರ, ಆದರೆ ನಕಲಿ. ಪಾಸ್‌ವರ್ಡ್ ಹಾಕಿದೆ. ಮುಗಿಯಿತು. ಒಪ್ಪಿಕೊಂಡೆನಲ್ಲ ಸ್ವಾಮಿ? ತಪ್ಪು ನನ್ನದೇ, ಐದು ಸೆಕೆಂಡಿನ ತಪ್ಪು.

ಬೆಳಿಗ್ಗೆ ನೋಡಿದರೆ ನನ್ನ ಖಾತೆಯಲ್ಲಿ ನಲವತ್ತು ಕ್ಯಾಮೆರಾಗಳು ಮಾರಾಟಕ್ಕಿವೆ. ಬೆಂಕಿಪೆಟ್ಟಿಗೆಯ ಕಾಗದ ಮಾರುವವನಿಗೆ ರಾತ್ರೋರಾತ್ರಿ ನಲವತ್ತು ಕ್ಯಾಮೆರಾ! ಒಂದೊಂದರ ಕೆಳಗೂ "ಕೊಳ್ಳುವ ಮುನ್ನ ಈ ವಿಳಾಸಕ್ಕೆ ಮೇಲ್ ಮಾಡಿ" ಎಂಬ ಸೂಚನೆ. ತಾಣದ ಹೊರಗೆ ಹಣ ಹೊಡೆಯುವ ಹಳೆಯ ಉಪಾಯ ಇದು. ಅವನಿಗೆ ನನ್ನ ಲೇಬಲ್‌ಗಳು ಬೇಕಿರಲಿಲ್ಲ. ನನ್ನ ಹೆಸರಿನ ಪಕ್ಕದಲ್ಲಿ ಹನ್ನೊಂದು ವರ್ಷದಿಂದ ಕೂಡಿಬಂದ 640 ಒಳ್ಳೆಯ ಅಭಿಪ್ರಾಯಗಳು ಬೇಕಿದ್ದವು. ಗುರುತಿಲ್ಲದವರು ಗುರುತಿಲ್ಲದವರನ್ನು ನಂಬಲಿ ಎಂದು ಇಬೇ ಎಂಬ ಅಮೆರಿಕದ ಹರಾಜು ತಾಣ 1996ರಲ್ಲಿ ಆರಂಭಿಸಿದ ಪದ್ಧತಿ ಅದು. ಆ ಇಬೇ ಕೂಡ 1995ರಲ್ಲಿ ಆಕ್ಷನ್‌ವೆಬ್ ಎಂಬ ಹೆಸರಿನಲ್ಲಿ ಹುಟ್ಟಿ, ಕೆಟ್ಟುಹೋದ ಲೇಸರ್ ಪಾಯಿಂಟರ್ ಒಂದನ್ನು 14.83 ಡಾಲರಿಗೆ ಮಾರಿ ಬೋಣಿ ಮಾಡಿದ ತಾಣ. ಕೆಟ್ಟುಹೋದ ಯಂತ್ರಕ್ಕೂ ಅಲ್ಲಿ ಒಬ್ಬ ಗಿರಾಕಿ ಸಿಕ್ಕಿದ.

ಏಳು ಗಂಟೆಯ ಹೊತ್ತಿಗೆ ನನ್ನ ತಾಣಕ್ಕೆ ಎಚ್ಚರವಾಯಿತು. ಕ್ಯಾಮೆರಾಗಳನ್ನು ಕಿತ್ತುಹಾಕಿತು, ಒಳ್ಳೆಯದು. ಖಾತೆಯನ್ನು ಅಮಾನತು ಮಾಡಿತು, ಅದೂ ಒಳ್ಳೆಯದೇ. ಸರಿಯಾಗಿ ಕೇಳಿಸಿಕೊಳ್ಳಿ, ಅಮಾನತಿನ ಬಗ್ಗೆ ನನ್ನ ತಕರಾರಿಲ್ಲ. ಆಮೇಲೆ ಏನಾಯಿತು? ಕಳ್ಳ ಇನ್ನೊಬ್ಬರ ಖಾತೆಗೆ ಹೊರಟುಹೋದ. ಬೀಗ ಬಿದ್ದದ್ದು ನನಗೆ. ಆ ಬೀಗದ ಹಿಂದೆ ಕುಳಿತು "ಯಾರಪ್ಪಾ ನೀನು, ಏನಾಯಿತು" ಎಂದು ಕೇಳುವ ಒಂದು ಜೀವ ಇಲ್ಲ. ನನ್ನ ಬೇಡಿಕೆ ಇಷ್ಟೇ. ಅಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ.

ಈಗ ಪಾಸ್‌ವರ್ಡ್ ಪಂಡಿತರಿಗೆ. 2014ರಲ್ಲಿ ಇಬೇಯ ಕೆಲವು ನೌಕರರ ಲಾಗಿನ್ ವಿವರಗಳನ್ನೇ ಕದ್ದು ಕಳ್ಳರು ಒಳಗೆ ನುಗ್ಗಿದರು. ನುಗ್ಗಿದ್ದು ಫೆಬ್ರವರಿ ಕೊನೆ, ಮಾರ್ಚ್ ಆರಂಭದಲ್ಲಿ. ಜನರಿಗೆ ತಿಳಿಸಿದ್ದು ಮೇ ತಿಂಗಳಲ್ಲಿ. ಹೆಸರು, ವಿಳಾಸ, ಫೋನ್ ಸಂಖ್ಯೆ, ಹುಟ್ಟಿದ ದಿನ ಎಲ್ಲ ಇದ್ದ ಕಣಜ ಅದು. 14.5 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದರು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಸರಿ, ಮನುಷ್ಯರೇ ತಾನೇ, ತಪ್ಪಾಗುತ್ತದೆ. ಆದರೆ ಆಗ ಯಾರಾದರೂ ಆ ಕಂಪನಿಯನ್ನು ಅಮಾನತು ಮಾಡಿ, ಮನವಿ ಸಲ್ಲಿಸಿ, ಕಾಯಿರಿ ಎಂದರೇ? ಅಷ್ಟು ದೊಡ್ಡವರ ನೌಕರರ ಪಾಸ್‌ವರ್ಡ್ ಕಳುವಾಗಬಹುದು, ಅಗ್ರಹಾರದಲ್ಲಿ ಕಣ್ಣು ಮಂಜಾಗಿ ಕುಳಿತ ನನ್ನದು ಕಳುವಾದರೆ ಮಾತ್ರ ಮಹಾಪರಾಧ. ಕೈಮುಗಿದ ಚಿತ್ರ ಬೇರೆ!

ನಿಮ್ಮ ಉಪಯೋಗಕ್ಕೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಮಾನತಿನ ಪತ್ರ ನನಗೆ ಎರಡು ದಿನ ಕಾಣಲೇ ಇಲ್ಲ. ತಾಣದಿಂದ ಬಂದ ಮೇಲ್‌ಗಳೆಲ್ಲ ನೇರವಾಗಿ ಕಸದ ಬುಟ್ಟಿಗೆ ಬೀಳುವಂತೆ ಕಳ್ಳ ನನ್ನ ಮೇಲ್ ಖಾತೆಯಲ್ಲಿ ಒಂದು ಫಿಲ್ಟರ್ ಹಾಕಿ ಹೋಗಿದ್ದ. ಅವನು ಮೇಲ್‌ಗೆ ಹೇಗೆ ನುಗ್ಗಿದ ಎಂದರೆ, ಎರಡಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ. ನಗಬೇಡಿ. ಹಾಗಾಗಿ ಮೊದಲು ಮೇಲ್ ಖಾತೆಯನ್ನು ಬಿಗಿ ಮಾಡಿ. ಫಿಲ್ಟರ್, ಫಾರ್ವರ್ಡ್, ಮರುಪಡೆಯುವ ಫೋನ್ ಸಂಖ್ಯೆ, ಈ ಮೂರನ್ನೂ ನೋಡಿ. ಆಮೇಲೆ ಹರಾಜು ಖಾತೆ. ಎರಡು ಹಂತದ ಪರಿಶೀಲನೆ ಇವತ್ತೇ ಹಾಕಿಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದನ್ನೆಲ್ಲ ಚೀಟಿಯಂತೆ ಬರೆದು ನಮ್ಮ ವಾಟ್ಸ್ಆ್ಯಪ್ ಚಾನೆಲ್‌ನಲ್ಲಿ ಹಾಕಿದ್ದೇನೆ. ಸೇರಿಕೊಳ್ಳಿ, ದುಡ್ಡಿಲ್ಲ.

ಈಗ ಇದನ್ನು ನೋಡಿ. ಪಾಡ್‌ಕಾಸ್ಟ್ ಕೇಳುತ್ತಿರುವವರು ಊಹಿಸಿಕೊಳ್ಳಿ. ಕಂದು ಬಣ್ಣದ ಒಂದು ಕವರ್. ಒಳಗೆ ಎರಡು ರಟ್ಟಿನ ನಡುವೆ, ಬಟರ್ ಪೇಪರಿನಲ್ಲಿ, ಎರಡು ಇಂಚೂ ಇಲ್ಲದ ಒಂದು ಲೇಬಲ್. ಕೆಂಪು ನೆಲ, ಹಳದಿ ಹುಲಿ. ಅಚ್ಚು ಹಾಕುವಾಗ ಬಣ್ಣ ಕೂದಲೆಳೆಯಷ್ಟು ಜಾರಿ ಹುಲಿಯ ಬಾಲದ ತುದಿ ಚೌಕಟ್ಟಿನಿಂದ ಆಚೆ ಹೋಗಿದೆ. ಆ ಜಾರಿದ ಬಾಲಕ್ಕೇ ಬೆಲೆ. ಕವರಿನ ಎಡಮೂಲೆಯಲ್ಲಿ ನನ್ನ ವಿಳಾಸ, ಬಲಮೂಲೆಯಲ್ಲಿ ಅಂಚೆ ಚೀಟಿ. ನಡುವೆ ಖಾಲಿ. ಏಕೆಂದರೆ ಕೊಂಡವರ ವಿಳಾಸ ಇರುವುದು ಖಾತೆಯೊಳಗೆ, ಖಾತೆ ತೆರೆಯುವುದಿಲ್ಲ. ಪೋಲೆಂಡಿನವರು ಎಂಬುದಷ್ಟೇ ನೆನಪು. "ಪೋಲೆಂಡ್" ಎಂದಷ್ಟೇ ಬರೆದು ಡಬ್ಬಿಗೆ ಹಾಕಲೇ? ಅವರು ವಸ್ತು ಬರಲಿಲ್ಲವೆಂದು ದೂರು ಕೊಟ್ಟರು, ಅವರದು ನ್ಯಾಯವೇ. ಮೂರು ದಿನದೊಳಗೆ ಉತ್ತರಿಸಿ ಎಂದು ತಾಣದಿಂದ ನನಗೆ ಮೇಲ್. ಉತ್ತರಿಸಲು ಲಾಗಿನ್ ಆಗಿ. ಲಾಗಿನ್ ಆಗಲು ಹೋದರೆ, ನಿಮ್ಮ ಖಾತೆ ಅಮಾನತಿನಲ್ಲಿದೆ. ಉತ್ತರಿಸದ್ದಕ್ಕೆ ಒಂದು ಕಪ್ಪು ಚುಕ್ಕೆ. ಎಂಟನೇ ತರಗತಿಯ ಹುಡುಗನಾದರೂ ಇದನ್ನು ಓದಿ "ಅಯ್ಯೋ" ಎನ್ನುತ್ತಿದ್ದ. ಒಬ್ಬ ಹುಡುಗನನ್ನಾದರೂ ಕೂರಿಸಿ!

ಗುರುತಿನ ಚೀಟಿ ಕಳುಹಿಸಿ ಎಂದರು. ಕಳುಹಿಸಿದೆ. ಹೆಸರು ಹೊಂದಿಕೆಯಾಗುತ್ತಿಲ್ಲ ಎಂದು ಉತ್ತರ, ನಾಲ್ಕು ಸೆಕೆಂಡಿನಲ್ಲಿ. ನಾಲ್ಕು ಸೆಕೆಂಡಿನಲ್ಲಿ ಕನ್ನಡಕ ಹುಡುಕುವುದಕ್ಕೂ ಆಗುವುದಿಲ್ಲ. ನಮ್ಮ ಕಡೆಯವರ ಹೆಸರು ನಿಮಗೆ ಗೊತ್ತಲ್ಲ. ಮುಂದೆ ಊರು ಒಂದಕ್ಷರ, ಅಪ್ಪ ಒಂದಕ್ಷರ, ಆಮೇಲೆ ನಾವು. ಆ ಅರ್ಜಿಗೆ ಮನೆತನದ ಹೆಸರು ಬೇಕು, ಕನಿಷ್ಠ ಎರಡಕ್ಷರ ಇರಬೇಕು. ನಮ್ಮ ಅಪ್ಪನನ್ನು ಎರಡಕ್ಷರಕ್ಕೆ ಹಿಗ್ಗಿಸಿ ಬರೆದೆ. ಆಧಾರ್‌ಗೆ ಹೊಂದಿಕೆಯಾಗುತ್ತಿಲ್ಲ ಎಂದರು. ಕುಗ್ಗಿಸಿ ಬರೆದೆ. ಅರ್ಜಿ ಸ್ವೀಕರಿಸುತ್ತಿಲ್ಲ ಎಂದರು.

"ಹೊಸ ಖಾತೆ ತೆರೆಯಿರಿ, ಅದಕ್ಕೇಕೆ ಇಷ್ಟು ರಂಪ" ಎಂದು ಇನ್ನೊಬ್ಬರು ಬರೆದಿದ್ದಾರೆ. ತೆರೆದೆ ತಾಯಿ. ಒಂದೇ ವಿಳಾಸ, ಒಂದೇ ಬ್ಯಾಂಕ್ ಖಾತೆ, ಆದ್ದರಿಂದ ಇದು "ಸಂಬಂಧಿತ ಖಾತೆ" ಎಂದು ಮರುದಿನ ಅದಕ್ಕೂ ಬೀಗ. ಅಷ್ಟಕ್ಕೇ ನಿಲ್ಲಲಿಲ್ಲ. ಮನೆಯಾಕೆ ಕ್ರೋಶಾ ಲೇಸು ಮಾರುತ್ತಿದ್ದ ಖಾತೆಗೂ ಬೀಗ, ಏಕೆಂದರೆ ಒಂದೇ ಮನೆಯ ವೈಫೈ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಯನ್ನು ನಾನು ಅವಳ ಎದುರೇ ಹೇಳಿಬಿಟ್ಟೆ. ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

ಹರಾಜು ಎಂದರೆ ಏನೆಂದು ನಮಗೆ ಇವರು ಕಲಿಸಬೇಕಿಲ್ಲ. ನನ್ನ ಸೋದರಮಾವನ ಆಲೆಮನೆಯ ಬೆಲ್ಲ ಮಂಡ್ಯದ ಎಪಿಎಂಸಿ ಯಾರ್ಡಿಗೆ ಹೋಗುತ್ತಿತ್ತು. ಅಲ್ಲಿ ಬೇರೆ ಯಾರೋ ಬಂದು "ಈ ಅಚ್ಚು ಬೆಲ್ಲ ನನ್ನದು, ದುಡ್ಡು ನನಗೆ ಕೊಡಿ" ಎಂದರೆ ದಲ್ಲಾಳಿ ಅವನ ಮುಖ ನೋಡುತ್ತಾನೆ. "ನೀನು ಯಾವೂರಪ್ಪಾ?" ಎನ್ನುತ್ತಾನೆ. ಅಷ್ಟು ಸಾಕು, ಕಳ್ಳನ ಬಾಯಿ ಒಣಗುತ್ತದೆ. ಹಳೆಯ ಕಾಲದ ಮಾತು ಎನ್ನುತ್ತೀರೇನೋ. ಹಾಗಾದರೆ ಪಿರಿಯಾಪಟ್ಟಣದ ಹತ್ತಿರ ಕಂಪಲಾಪುರಕ್ಕೆ ಹೋಗಿ, ಹುಣಸೂರಿನ ಕಡೆ ಚಿಲ್ಕುಂದಕ್ಕೆ ಹೋಗಿ. ತಂಬಾಕು ಮಂಡಳಿಯ ಮಾರುಕಟ್ಟೆಯಲ್ಲಿ ಈಗ ನಡೆಯುವುದು ಎಲೆಕ್ಟ್ರಾನಿಕ್ ಹರಾಜು. ಆದರೂ ಅಲ್ಲಿ ಹರಾಜು ಅಧೀಕ್ಷಕ ಎಂಬ ಒಬ್ಬ ಮನುಷ್ಯನಿದ್ದಾನೆ. ಬೆಲೆ ಬಿದ್ದರೆ ರೈತರು ಹರಾಜು ನಿಲ್ಲಿಸಿ ಅವನ ಮುಂದೆ ನಿಂತು ಕೂಗಾಡುತ್ತಾರೆ. ಬೆಲೆ ಏರುತ್ತದೆಯೋ ಬಿಡುತ್ತದೆಯೋ, ಕೂಗಾಡಲು ಒಬ್ಬನಿದ್ದಾನೆ. ನಾನು ಯಾರ ಮುಂದೆ ಕೂಗಾಡಲಿ? ಈ ಫ್ಯಾನಿನ ಮುಂದೆಯೇ?

ಕಾನೂನು ಇಲ್ಲವೇ ಎಂದರೆ, ಇದೆ. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಇನ್ನೊಬ್ಬರಂತೆ ನಟಿಸಿ ಮೋಸ ಮಾಡಿದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಕಾಯ್ದೆಯ ಕಣ್ಣಿಗೆ ಕಳ್ಳ ಕಳ್ಳನೇ, ನಾನು ದೂರುದಾರ. ಸೈಬರ್ ಪೊಲೀಸ್ ಠಾಣೆಯಲ್ಲಿ ಒಬ್ಬ ಹುಡುಗ, ಮೀಸೆ ಈಗಷ್ಟೇ ಮೂಡಿದವನು, ಮುಕ್ಕಾಲು ಗಂಟೆ ಕುಳಿತು ಕೇಳಿಸಿಕೊಂಡ. "ಲೇಬಲ್ ಎಂದರೆ ಬೆಂಕಿಪೆಟ್ಟಿಗೆ ಮೇಲೆ ಇರುವುದೇ ಸರ್?" ಎಂದು ಎರಡು ಸಲ ಕೇಳಿದ. ರಸೀದಿ ಕೊಟ್ಟ. ಕಳ್ಳ ಸಿಗಲಿಲ್ಲ, ಆದರೆ ನನಗೆ ಅಂದು ಊಟ ಸೇರಿತು. ಇನ್ನು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ತಾಣಗಳು ಕುಂದುಕೊರತೆ ಅಧಿಕಾರಿಯನ್ನು ಇಟ್ಟುಕೊಳ್ಳಬೇಕು, 24 ಗಂಟೆಯೊಳಗೆ ದೂರು ತಲುಪಿತೆಂದು ಹೇಳಬೇಕು, ಗೊತ್ತುಪಡಿಸಿದ ದಿನಗಳೊಳಗೆ ಇತ್ಯರ್ಥ ಮಾಡಬೇಕು. ಬರೆದೆ. 24 ಗಂಟೆ ಬೇಕಾಗಲಿಲ್ಲ, ಮತ್ತದೇ ನಾಲ್ಕು ಸೆಕೆಂಡು. ನಿಯಮದಲ್ಲಿ ಅಧಿಕಾರಿ ಎಂದು ಬರೆದಿದೆ ಸ್ವಾಮಿ, ಯಂತ್ರ ಎಂದು ಬರೆದಿಲ್ಲ. ಅಧಿಕಾರಿ ಎಂದರೆ ಚಹಾ ಕುಡಿಯುವವನು, ಮಧ್ಯಾಹ್ನ ತೂಕಡಿಸುವವನು, ಬೈದರೆ ಮುಖ ಕೆಂಪಾಗುವವನು. ಅಂಥವನನ್ನು ಕೂರಿಸಿ!

"ಬಿಟ್ಟಿ ತಾಣ, ಇಷ್ಟೇ ಸಿಗುವುದು" ಎಂದ ಜಾಣರೂ ಇದ್ದಾರೆ. ಬಿಟ್ಟಿ? ಮಾರಿದ ಪ್ರತಿ ಲೇಬಲ್ಲಿಗೂ ದಲ್ಲಾಳಿ ಹಣ ಮುರಿದುಕೊಂಡಿದ್ದಾರೆ. ಅಂಚೆ ವೆಚ್ಚದ ಮೇಲೂ ಮುರಿದುಕೊಂಡಿದ್ದಾರೆ. ಹನ್ನೊಂದು ವರ್ಷ ಕೊಟ್ಟ ದಲ್ಲಾಳಿ ಹಣದಲ್ಲಿ ಒಬ್ಬನಿಗೆ ಒಂದು ಕುರ್ಚಿ ಬರುತ್ತಿರಲಿಲ್ಲವೇ? ಕುರ್ಚಿ ಬೇಡ, ಸ್ಟೂಲು. "ಕೋಟ್ಯಂತರ ಬಳಕೆದಾರರಿಗೆ ಮನುಷ್ಯರನ್ನು ಎಲ್ಲಿಂದ ತರುತ್ತಾರೆ" ಎಂದು ನನ್ನ ಅಳಿಯನೂ ಕೇಳಿದ. ಸಾಫ್ಟ್‌ವೇರಿನವನು. ದಸರಾ ದಿನ ಮೈಸೂರಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಮಗು ಕಳೆದುಹೋದರೆ ಮೈಕಿನಲ್ಲಿ ಕೂಗಲು ಒಬ್ಬನಿರುತ್ತಾನೋ ಇಲ್ಲವೋ ಎಂದು ಕೇಳಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದ. ಸಂಬಂಧ ಇದೆ. ಹೇಗೆ ಎಂದು ಆಮೇಲೆ ಹೇಳುತ್ತೇನೆ.

ಇನ್ನೂ ಮೂರು ಕಾರಣ ಬರೆದಿಟ್ಟಿದ್ದೆ. ಚೀಟಿ ಇಲ್ಲೇ ಇದೆ. ಮೊದಲನೆಯದು ಹೇಳಿಯಾಯಿತು. ಎರಡನೆಯದರ ಮೇಲೆ ಕಾಫಿ ಚೆಲ್ಲಿದೆ. ಮೂರನೆಯದು, "ಒಬ್ಬ ಮನುಷ್ಯನನ್ನು ಕೂರಿಸಿ". ಸರಿ, ಮೂರನೆಯದೇ ಮುಖ್ಯ. ಅದನ್ನೇ ಕಪ್ಪಿನ ಮೇಲೆ ಅಚ್ಚು ಹಾಕಿಸಿದ್ದೇನೆ, ನೋಡಿ, ಇನ್ನೂರ ಐವತ್ತು ರೂಪಾಯಿ. ಬೇಕಾದವರು ಸಂದೇಶ ಕಳುಹಿಸಿ. ನೇರವಾಗಿ ನನ್ನಿಂದಲೇ ಕೊಳ್ಳಬೇಕು, ಹರಾಜಿಗೆ ಹಾಕುವ ಸ್ಥಿತಿಯಲ್ಲಿ ನಾನಿಲ್ಲ. ನೀವು ಸಂದೇಶ ಕಳುಹಿಸಿದರೆ ಉತ್ತರಿಸುವುದು ನಾನೇ. ಮನುಷ್ಯ!

ಚಂದಾದಾರರಾಗಿ, ಗಂಟೆ ಒತ್ತಿ. ಕೈಮುಗಿದ ಚಿತ್ರ ಮಾತ್ರ ಹಾಕಬೇಡಿ. ಮತ್ತೆ, ಪೋಲೆಂಡಿನಲ್ಲಿ ಕನ್ನಡ ಬಲ್ಲವರು ಯಾರಾದರೂ ಇದನ್ನು ನೋಡುತ್ತಿದ್ದರೆ, ಬಾಲ ಜಾರಿದ ಹುಲಿಯನ್ನು ಕೊಂಡು ಕಾಯುತ್ತಿರುವವರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಅವರ ವಿಳಾಸ ಕೇಳಿ ಕಳುಹಿಸಿ. ಅಂಚೆ ಚೀಟಿ ಆಗಲೇ ಅಂಟಿಸಿಬಿಟ್ಟಿದ್ದೇನೆ.