ಬಾಳೆಹಣ್ಣಿನ ನಾಣ್ಯದ ದೇಶ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ನಾಣ್ಯಗಳನ್ನು ಕೂಡಿಡುವವರ ಬಳಿ ಒಮ್ಮೊಮ್ಮೆ ಒಂದು ಕಂಚಿನ ನಾಣ್ಯ ಕಾಣಸಿಗುತ್ತದೆ. ಒಂದು ಮಗ್ಗುಲಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಗುಣಾಕಾರದ ಗುರುತಿನಂತಹ ಶಿಲುಬೆ. ಇಸವಿ 1961, ಬೆಲೆ ಐದು ಫ್ರಾಂಕ್, ದೇಶ ಕಟಾಂಗಾ. ಆ ಶಿಲುಬೆಗೂ ಇಗರ್ಜಿಗೂ ನಂಟಿಲ್ಲ. ಮಧ್ಯ ಆಫ್ರಿಕಾದ ಆ ಸೀಮೆಯಲ್ಲಿ ಹಿಂದೆ ತಾಮ್ರವನ್ನು ಕರಗಿಸಿ ಇದೇ ಆಕಾರಕ್ಕೆ ಎರಕ ಹೊಯ್ದು, ಅದನ್ನೇ ಹಣವಾಗಿ ಚಲಾಯಿಸುತ್ತಿದ್ದರು. ಹಣದ ಮೇಲೆ ಹಣದ್ದೇ ಚಿತ್ರ! ಆ ದೇಶಕ್ಕೆ ಇದಕ್ಕಿಂತ ಒಪ್ಪುವ ಮುದ್ರೆ ಬೇರೆ ಇರಲಿಲ್ಲ.

1960ರ ಜೂನ್ 30ರಂದು ಬೆಲ್ಜಿಯಂನಿಂದ ಕಾಂಗೋ ಬಿಡುಗಡೆ ಪಡೆಯಿತು. ವಾರ ಕಳೆಯುವುದರೊಳಗೆ ಸೈನ್ಯ ದಂಗೆ ಎದ್ದಿತು. ಜುಲೈ 11ರಂದು ಅದರ ದಕ್ಷಿಣದ ಪ್ರಾಂತ್ಯ ಕಟಾಂಗಾ, ತಾನೇ ಬೇರೆ ದೇಶವೆಂದು ಸಾರಿಕೊಂಡಿತು. ನಾಯಕ ಮೋಯಿಸ್ ಚೋಂಬೆ, ಶ್ರೀಮಂತ ವರ್ತಕನ ಮಗ. ಅವನಿಗೆ ಅಂಟಿದ್ದ ಅಡ್ಡಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಗಲ್ಲಾಪೆಟ್ಟಿಗೆ ಸಾಹೇಬ'.

ಗಲ್ಲಾ ತುಂಬಿಸುತ್ತಿದ್ದದ್ದು ಯೂನಿಯನ್ ಮಿನಿಯೆರ್ ಎಂಬ ಬೆಲ್ಜಿಯಂ ಗಣಿ ಕಂಪನಿ. ತಾಮ್ರ, ಕೋಬಾಲ್ಟ್ ಮಾತ್ರವಲ್ಲ, ಹಿರೋಶಿಮಾದ ಬಾಂಬಿಗೆ ಹೋದ ಯುರೇನಿಯಂನ ಬಹುಪಾಲು ಸಿಕ್ಕಿದ್ದೂ ಇದೇ ನೆಲದ ಶಿಂಕೊಲೊಬ್ವೆ ಗಣಿಯಲ್ಲಿ. ಕಾಂಗೋ ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆಯನ್ನು ಕಂಪನಿ ಚೋಂಬೆಗೆ ಕಟ್ಟಿತು. ಧ್ವಜ, ಅಂಚೆಚೀಟಿ, ಕೂಲಿ ಸೈನಿಕರು ಎಲ್ಲವೂ ಬಂದವು. ಬೆನ್ನಿಗೆ ನಿಂತ ಬೆಲ್ಜಿಯಂ ಕೂಡ ಇದನ್ನು ದೇಶವೆಂದು ಬಾಯಿಬಿಟ್ಟು ಒಪ್ಪಲಿಲ್ಲ. ಒಳಗೂ ಒಮ್ಮತವಿರಲಿಲ್ಲ, ಉತ್ತರದ ಬಲುಬಾ ಜನ ತಿರುಗಿಬಿದ್ದಿದ್ದರು.

1961ರ ಜನವರಿ 17ರಂದು, ಪದಚ್ಯುತನಾಗಿ ಸೆರೆಯಲ್ಲಿದ್ದ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾನನ್ನು ಇಲ್ಲಿಗೇ ತಂದು ಕೊಂದರು. ಕಟಾಂಗಾದ ಹಣೆಗೆ ಹತ್ತಿದ ಆ ಕಳಂಕ ಮತ್ತೆ ತೊಳೆಯಲಿಲ್ಲ. ಸೆಪ್ಟೆಂಬರಿನಲ್ಲಿ, ಚೋಂಬೆಯೊಡನೆ ಸಂಧಾನಕ್ಕೆ ಹೊರಟಿದ್ದ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಈ ಕಥೆಗೆ ನಮ್ಮವರ ರಕ್ತವೂ ಸೇರಿದೆ. ಕಾಂಗೋಗೆ ಬಂದಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಭಾರತೀಯ ಸೈನಿಕರೂ ಇದ್ದರು. ಡಿಸೆಂಬರ್ 5ರಂದು ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ ರಸ್ತೆ ತಡೆ ತೆರವು ಮಾಡಲು ಹೋದ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಬಳಿ ಇದ್ದವರು ಹದಿನಾರು ಜನ. ಎದುರಿಗೆ ಕಟಾಂಗಾ ಪಡೆಯ ತೊಂಬತ್ತರಷ್ಟು ಮಂದಿ, ಎರಡು ಶಸ್ತ್ರಸಜ್ಜಿತ ವಾಹನ. ಖುಕ್ರಿ ಹಿಡಿದು ನುಗ್ಗಿದರು. ಕುತ್ತಿಗೆಗೆ ಗುಂಡು ತಗುಲಿದರೂ ಕುಸಿಯುವವರೆಗೂ ಕಾದಿದರು. ಆಗ ಅವರಿಗೆ 26 ವರ್ಷ. ಪರಮವೀರ ಚಕ್ರ ಮರಣೋತ್ತರವಾಗಿ ಬಂದಿತು.

ವರ್ಷದ ನಂತರ ಕೊನೆಯ ಕಾರ್ಯಾಚರಣೆ. ಬ್ರಿಗೇಡಿಯರ್ ನೊರೊನ್ಹಾ ಅವರ ಭಾರತೀಯ ಪಡೆ ಲುಫಿರಾ ನದಿಗೆ ಬಂದಾಗ ಸೇತುವೆ ಮುರಿದುಬಿದ್ದಿತ್ತು. ಅವರು ಹೇಗೋ ದಾಟಿ, 1963ರ ಜನವರಿ 3ರಂದು ಗಣಿ ಪಟ್ಟಣ ಜಾಡೋವಿಲ್ ಹೊಕ್ಕರು. ಮುಂದೆ ಹೋಗಬೇಡಿ ಎಂಬ ಮೇಲಿನವರ ಸಂದೇಶ ಸಕಾಲಕ್ಕೆ ತಲುಪಿರಲಿಲ್ಲವಂತೆ! ನ್ಯೂಯಾರ್ಕಿನಿಂದ ವಿಚಾರಣೆಗೆ ವಿಶ್ವಸಂಸ್ಥೆಯ ಹಿರಿಯ ಅಧಿಕಾರಿ ರಾಲ್ಫ್ ಬಂಚ್ ಅವರೇ ಬಂದರು. ಬಾನುಲಿಯಲ್ಲಿ ಮಾತನಾಡುವ ನನಗೆ, ಸಂದೇಶ ತಲುಪದಿದ್ದರೂ ಕೆಲವೊಮ್ಮೆ ಕೆಲಸವಾಗುತ್ತದೆ ಎಂದು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ಅದೇ ತಿಂಗಳ ನಡುವೆ ಚೋಂಬೆ ಸೋಲೊಪ್ಪಿದ. ವಿಚಿತ್ರವೆಂದರೆ, ಮರುವರ್ಷವೇ ತಾನು ಒಡೆಯಹೊರಟಿದ್ದ ಕಾಂಗೋಗೇ ಪ್ರಧಾನಿಯಾದ! 1969ರಲ್ಲಿ ಅಲ್ಜೀರಿಯಾದ ಬಂಧನದಲ್ಲಿ ಸತ್ತ. ಎಲಿಜಬೆತ್‌ವಿಲ್ ಲುಬುಂಬಾಶಿ ಆಯಿತು. 1971ರಲ್ಲಿ ದೇಶದ ಅಧ್ಯಕ್ಷ ಮೊಬುಟು, ಕಟಾಂಗಾ ಎಂಬ ಹೆಸರನ್ನೇ ಅಳಿಸಿ ಪ್ರಾಂತ್ಯಕ್ಕೆ ಶಾಬಾ ಎಂದು ಹೆಸರಿಟ್ಟ. ಸ್ವಾಹಿಲಿಯಲ್ಲಿ ಶಾಬಾ ಎಂದರೆ ತಾಮ್ರ.

ನಮಸ್ಕಾರ.