ಬೇಣ ಒಣಗಿದ ಮೇಲೆ ಕಾಡುಕೋಣ ಏನು ತಿನ್ನುತ್ತದೆ?

ಈಗ ನೀವು ನೋಡ್ತಿರೋದು ಶಿರಸಿ ಕಡೆಯ ಒಂದು ಬೇಣ, ಅಂದರೆ ಹುಲ್ಲುಗಾವಲು. ಮಳೆಗಾಲದಲ್ಲಿ ಇಲ್ಲಿ ಕಾಲಿಟ್ಟಲ್ಲೆಲ್ಲ ಹಸಿರು ಹುಲ್ಲು. ಈಗ ಜನವರಿ, ಬರೀ ಕರಡ, ಅಂದರೆ ಒಣಹುಲ್ಲು.

ಉತ್ತರ ಧ್ರುವದ ಕಡೆ ಚಳಿಗಾಲ ಅಂದರೆ ಹಿಮ. ಅಲ್ಲಿನ ಹಿಮಸಾರಂಗ ಗೊರಸಿನಿಂದ ಹಿಮ ಕೆದರಿ, ಅಡಿಯಲ್ಲಿರುವ ಕಲ್ಲುಹೂವು ಹುಡುಕಿ ತಿನ್ನುತ್ತದೆ. ಹೌದು, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ! ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಹುಲ್ಲು ಒಣಗಿತು ಅಂದರೆ ಅದರಲ್ಲಿ ನಾರು ಜಾಸ್ತಿ, ಸತ್ವ ಕಡಿಮೆ. ಮತ್ತೆ ಹಸಿರಾಗಲು ಮಳೆಯೇ ಬರಬೇಕು.

ಒಂದು ಟನ್ ಹತ್ತಿರ ತೂಗುವ ಕಾಡುಕೋಣಕ್ಕೆ ಅಷ್ಟು ದಿನ ಕಾಯೋಕೆ ಆಗುತ್ತಾ? ಸೊಪ್ಪಿಗೆ ಬಾಯಿ ಹಾಕುತ್ತದೆ. ಬಿದಿರೆಲೆ, ಎಳೆ ಕೊಂಬೆ, ಬಿದ್ದ ಹಣ್ಣು, ಕೊನೆಗೆ ಮರದ ತೊಗಟೆ. ಈ ಸಾಗವಾನಿ ಮರವನ್ನು ಹತ್ತಿರದಿಂದ ನೋಡಿ. ತೊಗಟೆ ಪಟ್ಟಿಪಟ್ಟಿಯಾಗಿ ಎದ್ದಿದೆ. ದನದ ಹಾಗೇ ಕಾಡುಕೋಣಕ್ಕೂ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲಿಲ್ಲ. ಕೆಳಗಿನ ಹಲ್ಲು ಸಿಕ್ಕಿಸಿ ಎಳೆಯುತ್ತದೆ. ರಾತ್ರಿ ತೋಟಕ್ಕೆ ನುಗ್ಗುವುದೂ ಇದೆ ಬಿಡಿ, ಆ ಕಥೆ ಇಲ್ಲಿನ ಅಡಿಕೆ ಬೆಳೆಗಾರರ ಬಾಯಲ್ಲೇ ಕೇಳಬೇಕು.

ಊಟ ಬದಲಾದರೆ ಸಾಲದು, ಹೊಟ್ಟೆಯೂ ಒಗ್ಗಬೇಕು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೇವು ಕರಗಿಸುವುದು ಸೂಕ್ಷ್ಮಜೀವಿಗಳು. ಅವು ಹೊಸ ಮೇವಿಗೆ ಹೊಂದಿಕೊಳ್ಳಲು ವಾರಗಳೇ ಬೇಕು. ಅಮೆರಿಕದಲ್ಲಿ ಚಳಿಗಾಲದಲ್ಲಿ ಪಾಪ ಅಂತ ಜಿಂಕೆಗಳಿಗೆ ಮೆಕ್ಕೆಜೋಳ ಸುರಿದು, ಅವು ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ, ಹೊಟ್ಟೆ ತುಂಬಿದ್ದರೂ ಸತ್ತದ್ದಿದೆ. ಕಾಡಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಬ್ರೆಡ್ಡು, ಬಿಸ್ಕೆಟ್ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಈಗ ಈ ಶಾಟ್. ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿದೆಯಲ್ಲ, ಹಿಕ್ಕೆ ಅಂದುಕೊಂಡಿರಾ? ಅಲ್ಲ, ನೆಲ್ಲಿಕಾಯಿಯ ಗೊರಟು. ಹುಲ್ಲು ಒಣಗುವ ಹೊತ್ತಿಗೆ ಸರಿಯಾಗಿ ನೆಲ್ಲಿ ಬಲಿತಿರುತ್ತದೆ. ಮುಸಿಯಗಳು (ಕಪ್ಪು ಮುಖದ ಲಂಗೂರ್ ಕೋತಿಗಳು) ಮರದ ಮೇಲೆ ಅರ್ಧ ತಿಂದು ಅರ್ಧ ಉದುರಿಸುತ್ತವೆ, ಕೆಳಗೆ ಜಿಂಕೆ, ಕಾಡುಕುರಿ (ಬೊಗಳುವ ಜಿಂಕೆ)ಗಳಿಗೆ ಹಬ್ಬ. ಗೊರಟಿನ ಸಮೇತ ನುಂಗಿ, ಆಮೇಲೆ ದೂರ ಎಲ್ಲೋ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗೊರಟನ್ನಷ್ಟೇ ಉಗಿಯುತ್ತವೆ. ಅದು ಒಣಗಿ ಒಡೆದು ಬೀಜ ಹೊರಗೆ ಸಿಡಿಯುತ್ತದೆ. ತೋಟಕ್ಕೆ ಸೊಪ್ಪು ಕೊಯ್ಯುವ ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಇಂಥ ಗುಡ್ಡೆ ಸಿಕ್ಕರೆ ಸುಮ್ನೆ ಒಮ್ಮೆ ತಲೆ ಎತ್ತಿ ನೋಡಿ. ಎಷ್ಟೋ ಸಲ ಅಲ್ಲಿ ನೆಲ್ಲಿ ಮರವೇ ಇರುವುದಿಲ್ಲ.